ರೋಗಿಗಳ ಫೀಡ್‌ಬ್ಯಾಕ್ ಬಗ್ಗೆ ಡಾಕ್ಟರನ್ನು ಕೇಳಿ

ಅಡ್ಮಿನ್: ಆಸ್ಪತ್ರೆಯ ಗುಣಮಟ್ಟ ವಿಭಾಗ ನೋಡಿಕೊಳ್ಳುವ ಡಾಕ್ಟರ್ ಮೇಡಂ ಇವತ್ತು ಗ್ರೂಪಿನಲ್ಲಿದ್ದಾರೆ. ಪ್ರಶ್ನೆ ಹಾಕಿ.

ಗಿರೀಶ್: ನಮಸ್ತೆ ಮೇಡಂ, ಆಸ್ಪತ್ರೆ ಆಡಳಿತದಲ್ಲಿದ್ದೇನೆ. ಐದಕ್ಕೆ ಎಷ್ಟು ಸ್ಟಾರ್ ಬಂದರೆ ಎಲ್ಲ ಚೆನ್ನಾಗಿದೆ ಅಂತ ಅರ್ಥ?

ಡಾಕ್ಟರ್: ಸ್ಟಾರ್ ನೋಡಿ ಹಾಗೆ ಹೇಳಲು ಬರುವುದಿಲ್ಲ. ‘ತೃಪ್ತಿ ಆಯ್ತಾ’ ಅಂದರೆ ಹೆಚ್ಚಿನವರು ಹೂಂ ಅಂತಾರೆ. ನಡೆದದ್ದನ್ನು ಕೇಳಿ. ಹೊಸ ಮಾತ್ರೆ ಕೊಡುವಾಗ ಅದು ಯಾತಕ್ಕೆ ಅಂತ ಹೇಳಿದರಾ? ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗಳಿಗೆ ಅಮೆರಿಕದಲ್ಲಿ ಮಾಡುವ ಎಚ್‌ಕ್ಯಾಪ್ಸ್ ಸಮೀಕ್ಷೆ ಇಂಥದ್ದನ್ನೇ ಕೇಳುತ್ತದೆ. 2008ರಿಂದ ಆಸ್ಪತ್ರೆವಾರು ಉತ್ತರಗಳು ಜನರ ಮುಂದಿವೆ.

ನಾಗರತ್ನ: ನನ್ನ ಅಮ್ಮನಿಗೆ ಓದಲು ಬರಲ್ಲ. ಫಾರಂ ನಾನು ತುಂಬಿದರೆ ಅದು ಅವರ ಅಭಿಪ್ರಾಯ ಆಗುತ್ತಾ?

ಶಾಂತಾ: ಮೇಡಂ, ಕೀಮೋ ಡೇಕೇರಲ್ಲಿ ನರ್ಸ್. ನಮ್ಮ ಫೀಡ್‌ಬ್ಯಾಕ್ ಡಬ್ಬ ತಿಂಗಳ ಕೊನೆಗೆ ತೆಗೆಯೋದು. ಇವತ್ತು ತೆಗೆದೆ. ಮೊನ್ನೆಯ ಫಾರಂ ಒಂದರಲ್ಲಿ ಐದೂ ಸ್ಟಾರ್. ಕೆಳಗೆ ಸಣ್ಣ ಅಕ್ಷರದಲ್ಲಿ ‘ರಾತ್ರಿ ಚಳಿಜ್ವರ, ನೀರು ಕುಡಿದರೂ ವಾಂತಿ. ಸಿಸ್ಟರ್‌ಗಳು ತುಂಬಾ ಒಳ್ಳೆಯವರು’ ಅಂತಿದೆ. ಯಾವ ಕಾಲಂಗೆ ಹಾಕಲಿ?

ಡಾಕ್ಟರ್: ಕಾಲಂ ಆಮೇಲೆ. ಈಗಲೇ ಆ ರೋಗಿಗೆ ಫೋನ್ ಮಾಡಿ, ಅವರ ಡಾಕ್ಟರಿಗೂ ತಿಳಿಸಿ. ಕೀಮೋ ಆದವರಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಇಳಿದಿರಬಹುದು; ಜ್ವರ 38 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಸೋಂಕು ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ.

ಶಾಂತಾ, ನನ್ನನ್ನು ಕಾಡುವುದೇ ಈ ಡಬ್ಬ. ನ್ಯೂಯಾರ್ಕಿನ ಮೆಮೊರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ಹರಡಿದ ಕ್ಯಾನ್ಸರ್ ಇದ್ದ 766 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿನವರು ವಾಂತಿ, ನೋವು, ಉಸಿರಾಟದ ತೊಂದರೆಯಂಥ 12 ಲಕ್ಷಣಗಳನ್ನು ಕಂಪ್ಯೂಟರಿನಲ್ಲಿ ತಾವೇ ದಾಖಲಿಸುತ್ತಿದ್ದರು. ಹೆಚ್ಚಾದರೆ ನರ್ಸ್‌ಗೆ ಇಮೇಲ್ ಹೋಗುತ್ತಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರ ಮಧ್ಯಮ ಬದುಕುಳಿವು, ಅಂದರೆ ಗುಂಪಿನ ಅರ್ಧದಷ್ಟು ಜನ ಬದುಕಿದ್ದ ಅವಧಿ, 31.2 ತಿಂಗಳು; ಮಾಮೂಲಿ ಆರೈಕೆಯವರದ್ದು 26. ಬರೆದದ್ದನ್ನು ಯಾರೋ ಓದಿ ಔಷಧಿ ಬದಲಿಸಿದರು, ಫೋನ್ ಮಾಡಿದರು. ನಿಮ್ಮಲ್ಲಿ ಲಕ್ಷಣದ ಹಾಳೆ ಬೇರೆ ಮಾಡಿ, ಡಬ್ಬಕ್ಕೆ ಹಾಕಿಸಬೇಡಿ, ಕೈಗೆ ತೆಗೆದುಕೊಳ್ಳಿ. ಯಾರು ಓದಬೇಕು, ರಜೆಯಿದ್ದರೆ ಯಾರು, ಯಾವುದಕ್ಕೆ ಯಾರನ್ನು ಕರೆಯಬೇಕು ಅಂತ ಗೋಡೆಯ ಮೇಲೆ ಬರೆದು ಹಾಕಿ. ಫೋನ್ ಆಯ್ತಾ?

ಶಾಂತಾ: ಆಯ್ತು ಮೇಡಂ. ಮಗ ಎಮರ್ಜೆನ್ಸಿಗೆ ಕರ್ಕೊಂಡು ಬರ್ತಿದ್ದಾರೆ.

ಮಂಜುನಾಥ್: ಫಾರ್ವರ್ಡ್ ನೋಡಿ ಮೇಡಂ. ಮೊಣಕಾಲು ನೋವಿನ ಎಣ್ಣೆ, ‘ಸಾವಿರಾರು ಜನಕ್ಕೆ ವಾಸಿ, ಆಪರೇಷನ್ ಬೇಡ’. ಇದೂ ರೋಗಿಗಳ ಫೀಡ್‌ಬ್ಯಾಕೇ ಅಲ್ವಾ?

ಡಾಕ್ಟರ್: ಅಲ್ಲ. ವಾಸಿಯಾಗದವರು ಇದರಲ್ಲಿ ಎಲ್ಲಿದ್ದಾರೆ? ಇಂಗ್ಲೆಂಡಿನಲ್ಲಿ 2009ರಿಂದ ಮಂಡಿ, ಸೊಂಟದ ಕೀಲು ಬದಲಾಯಿಸಿಕೊಳ್ಳುವವರನ್ನು ಆಪರೇಷನ್‌ಗೆ ಮೊದಲೂ ತಿಂಗಳುಗಳ ನಂತರವೂ ಅದೇ 12 ಪ್ರಶ್ನೆ ಕೇಳುತ್ತಾರೆ: ಮೆಟ್ಟಿಲು ಇಳಿಯುವುದು, ರಾತ್ರಿ ನೋವು. 48ಕ್ಕೆ ಅಂಕ. ಸುಧಾರಿಸದವರ ಅಂಕವೂ ಲೆಕ್ಕಕ್ಕೆ ಬರುತ್ತದೆ. ಈ ಮೆಸೇಜ್ ನಂಬಿ ಯಾರೂ ಮಾತ್ರೆ ನಿಲ್ಲಿಸಬೇಡಿ. ದಯವಿಟ್ಟು ಇನ್ನೊಂದು ಹಾಕಬೇಡಿ.

ಮಂಜುನಾಥ್: ಅನುಭವಕ್ಕೆ ಬೆಲೆನೇ ಇಲ್ವಾ ಹಾಗಾದ್ರೆ?

ಸತೀಶ್: ಎಷ್ಟು ಸ್ಟಾರ್ ಇದ್ದರೆ ಒಳ್ಳೆ ಆಸ್ಪತ್ರೆ ಮೇಡಂ?

ಡಾಕ್ಟರ್: ಮೇಲೆ ಓದಿ.

ರೇವತಿ: ಫಾರಂ ತುಂಬಿ ಏನು ಬಂತು? ಅಪ್ಪ ರಾತ್ರಿಯಿಡೀ ಗಂಟೆ ಒತ್ತಿದರೂ ಯಾರೂ ಬರಲಿಲ್ಲ ಅಂತ ಬರೆದೆ. ಮುಂದಿನ ಸಲ ಹೋದಾಗ ನರ್ಸ್ ಮುಖ ಕೊಟ್ಟು ಮಾತಾಡಲಿಲ್ಲ.

ಶಾಂತಾ: ರೇವತಿ ಅವ್ರೇ, ರಾತ್ರಿ ಇಡೀ ವಾರ್ಡಿಗೆ ಒಬ್ಬಳೇ ಇದ್ದರೆ ಯಾರ ಗಂಟೆಗೆ ಓಡಲಿ?

ರೇವತಿ: ಅದನ್ನ ನಿಮ್ಮ ಮೇಲಿನವರಿಗೆ ಹೇಳಿ. ಅಪ್ಪ ಹಾಸಿಗೆ ಒದ್ದೆ ಮಾಡಿಕೊಂಡು ಮಲಗಿದ್ದರು.

ಶಾಂತಾ: ಹೇಳಿಲ್ಲ ಅಂದ್ಕೊಂಡ್ರಾ? ದೂರು ಬಂದರೆ ಮೆಮೋ ನಮಗೆ, ಅವರಿಗಲ್ಲ.

ಗಿರೀಶ್: ಮೆಮೋ ಕೊಡದೆ ಶಿಸ್ತು ಹೇಗೆ ಬರುತ್ತೆ? ಮೇಡಂ, ಡಿಸ್ಚಾರ್ಜ್ ಫೈಲ್ ಕೊಡುವಾಗಲೇ ಎದುರು ನಿಂತು ಫಾರಂ ತುಂಬಿಸಿದರೆ ಅಂಕ ಏರುತ್ತೆ ಅಂತ ಒಂದು ಮೆಸೇಜ್ ಬಂದಿದೆ. ಮಾಡಬಹುದಾ?

ಡಾಕ್ಟರ್: ಬೇಡ. ಫೈಲ್ ನಿಮ್ಮ ಕೈಯಲ್ಲಿರುವಾಗ ಯಾರು ನಿಜ ಬರೆಯುತ್ತಾರೆ? ಮನೆಗೆ ಹೋದ ಮೇಲೆ, ವಾರ್ಡಿನವರಲ್ಲದ ಯಾರಾದರೂ ಕೇಳಲಿ. ಹೆಸರು ನರ್ಸ್‌ಗಳಿಗೆ ಗೊತ್ತಾಗಬಾರದು. ರೇವತಿ ಬರೆದದ್ದು ರಾತ್ರಿಪಾಳಿಗೆ ಜನ ಸಾಲದು ಅನ್ನುವುದಕ್ಕೆ ಸಾಕ್ಷಿ. ಅದಕ್ಕೆ ಮೆಮೋ ಕೊಟ್ಟರೆ ಮುಂದೆ ಇಂಥ ಫಾರಂ ನಿಮ್ಮ ಟೇಬಲ್‌ಗೇ ಬರುವುದಿಲ್ಲ, ಗಿರೀಶ್. ಹೋದ ತಿಂಗಳ ಫಾರಂ ಓದಿ ಏನನ್ನು ಬದಲಿಸಿದಿರಿ ಹೇಳಿ.

ಗಿರೀಶ್: ಬಜೆಟ್ ನನ್ನ ಕೈಲಿಲ್ಲ ಮೇಡಂ. ಮಾತಾಡೋದು ಸುಲಭ.

ರೇವತಿ: ಉತ್ತರ ಸಿಕ್ಕಿತಲ್ಲ!

ನಾಗರತ್ನ: ಮೇಡಂ, ನನ್ನ ಅಮ್ಮನ ಫಾರಂ ವಿಷಯ?