ಓದುಗರ ಸ್ಪಂದನ: ಹಾಡು ಬಂತು, ಮಗ್ಗಿ ಬರಲಿಲ್ಲ

ಕಳೆದ ಸಂಚಿಕೆಯಲ್ಲಿ ತುಮಕೂರು ಕಡೆಯ ತಾಯಿಯೊಬ್ಬರು ತಮ್ಮ ಪೇಚಾಟ ಬರೆದಿದ್ದರು. ಮಗಳು ಊರ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. ಕುಣಿದುಕೊಂಡು ಹೋಗುತ್ತಾಳೆ, ಹಾಡುತ್ತಾ ಬರುತ್ತಾಳೆ. ಆದರೆ ಪಕ್ಕದ ಮನೆಯ ಕಾನ್ವೆಂಟ್ ಹುಡುಗ ಇಂಗ್ಲಿಷಿನಲ್ಲಿ ವಿಳಾಸ ಬರೆಯುತ್ತಾನೆ, ಇವಳಿಗೆ ಮೂರರ ಮಗ್ಗಿ ಬರದು. ಶಾಲೆ ಬಿಡಿಸೋಣ ಅಂದರೆ ಗಂಡ ‘ಮಗು ಖುಷಿಯಾಗಿದೆ ಅಲ್ವಾ’ ಎನ್ನುತ್ತಾರಂತೆ. ಬಂದ ಕಾಗದಗಳಲ್ಲಿ ಕೆಲವು ಇಲ್ಲಿವೆ.

ಮೊದಲು ಹಾಸನದಿಂದ ಬಂದ ಕಾರ್ಡು:

‘ಮಗುವಿಗೆ ಏನು ಬೇಕು ಅಂತ ಇಡೀ ಪತ್ರದಲ್ಲಿ ಒಂದು ಸಾಲಿಲ್ಲ.’

ಮೈಸೂರಿನ ನಿವೃತ್ತ ಶಿಕ್ಷಕಿ ಶಾಲೆಯ ಒಳಗಿನಿಂದ ಬರೆದಿದ್ದಾರೆ:

‘ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂರುತ್ತಾರೆ. ಐದು ಗುಂಪು, ಅದಕ್ಕೆ ತಟ್ಟೆ ಅನ್ನುತ್ತೇವೆ. ಒಂದು ತಟ್ಟೆಗೆ ಟೀಚರೇ ಬೇಕು. ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಕಿಟಕಿಯಲ್ಲಿ ಇಣುಕಿದವರಿಗೆ ಅದು ಬರೀ ಗಲಾಟೆ. ಗೋಡೆಯ ಮೇಲೆ ಪ್ರಗತಿ ನೋಟ ಅನ್ನುವ ಪಟ್ಟಿ ಇರುತ್ತದೆ, ಮಗಳು ಕಲಿಕೆಯಲ್ಲಿ ಎಲ್ಲಿದ್ದಾಳೆ ಅಂತ ಅದರಲ್ಲಿ ನೋಡಿ. ಟೀಚರನ್ನು ಬೈಯುವ ಮೊದಲು ಇದೂ ಗೊತ್ತಿರಲಿ: ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆ ಡ್ಯೂಟಿ ಎಲ್ಲಾ ಅವರದೇ. ನನ್ನ ಕೊನೆಯ ವರ್ಷ ಪಾಠಕ್ಕಿಂತ ರಿಜಿಸ್ಟರೇ ಜಾಸ್ತಿ ಆಯಿತು.’

ದಾವಣಗೆರೆ ಕಡೆಯ ಓದುಗರ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ:

‘ನಾನು ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಊರಿಗೇ ಫಸ್ಟು. ಪಿಯುಸಿ ಸೈನ್ಸಿಗೆ ಸೇರಿದೆ, ಅಲ್ಲಿ ಎಲ್ಲಾ ಇಂಗ್ಲಿಷು. ಫಿಸಿಕ್ಸ್ ಲೆಕ್ಚರರು ಫ್ರಿಕ್ಷನ್ ಅಂದರು. ಎರಡು ವಾರ ಅದೇ ಪಾಠ. ಏನದು ಅಂತ ಕೇಳಲು ನಾಚಿಕೆ. ಕೊನೇ ಬೆಂಚಿಗೆ ಹೋದೆ, ಆಮೇಲೆ ಕಾಲೇಜಿಗೇ ಹೋಗಲಿಲ್ಲ. ಅಪ್ಪ ಸಾಲ ಮಾಡಿ ಹಾಸ್ಟೆಲ್ ಫೀಸು ಕಟ್ಟಿದ್ದರು. ಫೇಲಾಗಿ ಬಂದಾಗ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವರ್ಷಗಳ ಮೇಲೆ ತಿಳಿಯಿತು, ಫ್ರಿಕ್ಷನ್ ಅಂದರೆ ಘರ್ಷಣೆ. ಅದು ನನಗೆ ಗೊತ್ತಿತ್ತು! ಊರ ಶಾಲೆಯ ಮೇಷ್ಟ್ರು ಜಗಲಿಯ ಮೇಲೆ ನಮ್ಮಿಂದ ಇಟ್ಟಿಗೆ ಎಳೆಸಿದ್ದರು. ಒಣ ನೆಲದಲ್ಲಿ ಒಮ್ಮೆ, ನೀರು ಚೆಲ್ಲಿ ಒಮ್ಮೆ. ಆ ಘರ್ಷಣೆಯೇ ಈ ಫ್ರಿಕ್ಷನ್ ಅಂತ ಯಾರೂ ಹೇಳಲಿಲ್ಲ. ಅದಕ್ಕೇ ನನ್ನ ಮಗಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದೇನೆ. ತಾಯಿ ಹೇಳುವುದೇ ಸರಿ. ಮೊನ್ನೆ ಮಗಳು ಫ್ರಿಕ್ಷನ್ನಿನ ವ್ಯಾಖ್ಯೆ ಗಡಗಡ ಒಪ್ಪಿಸಿದಳು. ಇಟ್ಟಿಗೆ ಎಳೆದಿದ್ದೀಯಾ ಅಂತ ಕೇಳಿದೆ. ಯಾಕಪ್ಪಾ ಅಂದಳು.’

ಮೇಷ್ಟ್ರ ಇಟ್ಟಿಗೆ ಇವರಿಗೆ ಇನ್ನೂ ನೆನಪಿದೆ. ಇನ್ನೊಂದು ಪತ್ರ ಕಲಬುರಗಿಯ ತಾಯಿಯದು:

‘ಗಂಡನ ಜೊತೆ ಯಾಕೆ ಜಗಳ? ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ ಸೇರಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರು. ನಮ್ಮಲ್ಲಿ ಸಭೆಗೆ ಬರುವುದು ಗಂಡಂದಿರು, ಸಹಿ ಹೆಂಡತಿಯದು. ನಾನು ಹೋಗಿ ಕೂತೆ. ಮೊದಲು ಶೌಚಾಲಯದ ಬೀಗ ತೆಗೆಸಿದೆ. ಮಗ್ಗಿ ಆಮೇಲೆ.’

ಶಿರಸಿಯ ಓದುಗರೊಬ್ಬರು ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಬೇಕೋ ಬಾಳೆಹಣ್ಣೋ ಎಂದು ಮೂರು ಪುಟ ಬರೆದಿದ್ದಾರೆ. ಅದು ಇನ್ನೊಮ್ಮೆ.

ತುಮಕೂರಿನ ತಾಯಿ ಮೊನ್ನೆ ಫೋನ್ ಮಾಡಿದ್ದರು. ಶಾಲೆಗೆ ಹೋಗಿ ಪ್ರಗತಿ ನೋಟ ನೋಡಿ ಬಂದರಂತೆ. ಮೂರರ ಮಗ್ಗಿ ಹೇಳಿಕೊಡುವ ಕೆಲಸವನ್ನು ಗಂಡನಿಗೆ ಹಚ್ಚಿದ್ದಾರಂತೆ.