ಟೇಪು ಹಿಡಿದು ನೋಡಿದೆಯಾ?

2021ರ ಏಪ್ರಿಲ್. ಬೆಳಿಗ್ಗೆ ಆರೂವರೆಗೇ ದೊಡ್ಡಪ್ಪ ಮನೆಯ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದ್ದರು. ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡ ‘ಎವರ್ ಗಿವನ್’ ಹಡಗಿನ ಫೋಟೊ. ಕೆಳಗೆ: ‘ಇನ್ನು ಐದು ವರ್ಷ ಹೊಸ ಸೈಕಲ್ ಸಿಗುವುದಿಲ್ಲ. ಹಳೇ ಸೈಕಲ್‌ಗೆ ಹೊಸದರ ಎರಡರಷ್ಟು ಬೆಲೆ. ಸಿಕ್ಕಿದ್ದನ್ನು ಈಗಲೇ ಕೊಳ್ಳಿ. ಎಲ್ಲರಿಗೂ ತಿಳಿಸಿ.’

ಓದಿದ ಕೂಡಲೇ ನನಗೆ ಚಿಕ್ಕಪ್ಪನ ಮಗಳ ಯೋಚನೆ ಬಂತು. ಕೆಲಸಕ್ಕೆ ಹೋಗಿಬರಲು ಅವಳು ಒಂದು ಹಳೇ ಗೇರ್ ಸೈಕಲ್ ನೋಡಿಟ್ಟಿದ್ದಳು. ಕೂಡಿಟ್ಟ ದುಡ್ಡೆಲ್ಲ ಅದಕ್ಕೇ ಹೋಗುವಂತಿತ್ತು.

ಭಾವ: ಇದು ಎಲ್ಲಿಂದ ಬಂತು ಮಾವ? ಯಾರು ಬರೆದದ್ದು?

ದೊಡ್ಡಪ್ಪ: ನಂಬಿಕಸ್ಥರೇ ಕಳಿಸಿದ್ದು.

ಭಾವ: ಹಡಗು ಸಿಕ್ಕಿಕೊಂಡದ್ದು ಮಾರ್ಚ್ 23ಕ್ಕೆ. ಬಿಡಿಸಿದ್ದು 29ಕ್ಕೆ. ಅಂಗಡಿಗಳಲ್ಲಿ ಸೈಕಲ್ ಖಾಲಿಯಾಗಿದ್ದು ಹೋದ ವರ್ಷ ಮೇ, ಜೂನ್‌ನಲ್ಲೇ. ಆರು ದಿನ ನಿಂತ ಹಡಗಿನಿಂದ ಹೋದ ವರ್ಷದ ಕೊರತೆ ಹೇಗೆ ಬಂತು?

ದೊಡ್ಡಪ್ಪ: ದೊಡ್ಡವರು ಒಂದು ಒಳ್ಳೇ ಮಾತು ಹೇಳಿದರೆ ಕೇಳಬೇಕು. ಎಲ್ಲಕ್ಕೂ ಸಾಕ್ಷಿ ಕೇಳುವುದಲ್ಲ. ನಾವು ಇದ್ದ ವಸ್ತುವನ್ನು ಜೋಪಾನ ಮಾಡಿಕೊಂಡು ಬದುಕಿದವರು.

ಚಿಕ್ಕಪ್ಪ: ಜೋಪಾನದ ಮಾತು ಯಾರಿಗೆ ಹೇಳಿದ್ದು ಅಣ್ಣ?

ದೊಡ್ಡಪ್ಪ: ಯಾರಿಗೆ ಅಂತ ನಿನಗೇ ಗೊತ್ತು.

ನಮಗೆಲ್ಲ ಗೊತ್ತು. ಇಪ್ಪತ್ತು ವರ್ಷದ ಹಿಂದೆ ಮನೆ ಖಾಲಿ ಮಾಡುವಾಗ ಅಜ್ಜನ ಸೈಕಲನ್ನು ಚಿಕ್ಕಪ್ಪ ಗುಜರಿಗೆ ಹಾಕಿದರು. ಅಣ್ಣನನ್ನು ಒಂದು ಮಾತು ಕೇಳಿರಲಿಲ್ಲ. ಅಂದಿನಿಂದ ಯಾವ ಜಗಳ ಎಲ್ಲಿ ಶುರುವಾದರೂ ಆ ಸೈಕಲ್ ಹತ್ತಿರ ಬಂದು ನಿಲ್ಲುತ್ತದೆ.

ಅತ್ತೆಯ ಮಗ: ಅಯ್ಯೋ, ಆ ಸೈಕಲ್! ಸೀಟಿನ ಮೇಲೆ ಕೂತರೆ ಕಾಲು ಎಟುಕುತ್ತಿರಲಿಲ್ಲ. ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದೆವು. ಡೈನಮೋ ಟೈರಿಗೆ ತಾಗಿದರೆ ಗುರ್ ಅನ್ನುತ್ತಿತ್ತು. ಸೈಕಲ್ ನಿಂತರೆ ದೀಪವೂ ಆರುತ್ತಿತ್ತು.

ಅಕ್ಕ: ನನ್ನ ಮಂಡಿ ಮೇಲಿನ ಕಲೆ ಇನ್ನೂ ಹೋಗಿಲ್ಲ.

ಅಲ್ಲಿಂದ ನಲವತ್ತು ಮೆಸೇಜು. ಯಾರು ಬಿದ್ದರು, ಯಾರು ತಳ್ಳಿದರು, ಯಾರು ಸುಳ್ಳು ಹೇಳಿ ಏಟು ತಿನ್ನಿಸಿದರು. ನಡುವೆ ತಂಗಿಯ ಒಂದು ಸಾಲು ಮೇಲೆ ಸರಿದುಹೋಗಿತ್ತು: ‘ಹಾಗಾದರೆ ನಾನು ಇವತ್ತೇ ಮುಂಗಡ ಕೊಟ್ಟುಬಿಡಲಾ?’ ಯಾರೂ ಉತ್ತರ ಕೊಟ್ಟಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಕೂತು ಉದ್ದಕ್ಕೆ ಬರೆದೆ.

ನಾನು: ಎಲ್ಲರೂ ಮೊದಲು ಇವಳ ಪ್ರಶ್ನೆ ಓದಿ. ಕೊರತೆ ನಿಜ. ಕೊರೊನಾದಿಂದ ಹೋದ ವರ್ಷ ಕಾರ್ಖಾನೆಗಳು ಮುಚ್ಚಿದ್ದವು. ಅದೇ ಹೊತ್ತಿಗೆ ಬಸ್ಸು ಹತ್ತಲು ಹೆದರಿದ ಜನ ಸೈಕಲ್‌ಗೆ ಮುಗಿಬಿದ್ದರು. ಗೇರು, ಬ್ರೇಕು ಮಾಡುವ ದೊಡ್ಡ ಕಂಪನಿಗಳು ಕೆಲವೇ. ಜಪಾನಿನ ಶಿಮಾನೊ ಒಂದರ ಬಾಗಿಲಲ್ಲೇ ಎಷ್ಟೋ ಬ್ರಾಂಡುಗಳು ಕಾಯುತ್ತಿವೆ. ಫ್ರೇಮ್ ಸಿದ್ಧವಾಗಿದ್ದರೂ ಗೇರ್ ಬದಲಿಸುವ ಒಂದು ಡಿರೇಲರ್ ಬರದಿದ್ದರೆ ಸೈಕಲ್ ಹೊರಗೆ ಬರುವುದಿಲ್ಲ. ಕಂಟೇನರ್ ಬಾಡಿಗೆಯೂ ಏರಿದೆ. ಹಡಗಿನದು ಆಮೇಲೆ ಸೇರಿಕೊಂಡದ್ದು, ಭಾವ ಹೇಳಿದ್ದು ಸರಿ.

ಆದರೆ ಫಾರ್ವರ್ಡಿನಲ್ಲಿ ಇರುವುದು ಮಾರುವವರು ಕೇಳುವ ಬೆಲೆ. ಆ ಬೆಲೆ ಕೊಟ್ಟು ಯಾರು ಕೊಂಡರು ಅಂತ ಎಲ್ಲೂ ಇಲ್ಲ. ಒಬ್ಬರು ಹಾಕಿದ್ದು ನೋಡಿ ಇನ್ನೊಬ್ಬರು ಜಾಸ್ತಿ ಹಾಕುತ್ತಾರೆ. ನೀನು ನೋಡಿದ ಸೈಕಲಿನ ಜಾಹೀರಾತು ಮೂರು ವಾರದಿಂದ ಹಾಗೇ ಇದೆ ಅಂದೆ ಅಲ್ವಾ? ಆ ಬೆಲೆಗೆ ಗಿರಾಕಿ ಸಿಕ್ಕಿಲ್ಲ ಅಂತಲೇ ಅರ್ಥ.

ಬೇರೆ ದಿನಗಳಲ್ಲಿ ಚೈನು ಸವೆದಿದ್ದರೆ ಹೊಸದು ಹಾಕಿಸಿದರೆ ಮುಗಿಯಿತು. ಈಗ ಸಿಗದೇ ಇರುವುದೇ ಆ ಬಿಡಿಭಾಗಗಳು. ಅದಕ್ಕೇ ಹೇಳುತ್ತೇನೆ, ಕೊರತೆಯ ಕಾಲದಲ್ಲಿ ಸವೆದ ಸೈಕಲ್‌ಗೆ ಬೆಲೆ ಇಳಿಯಬೇಕು. ಬಣ್ಣ ನೋಡಿ ಮರುಳಾಗಬೇಡ. ಒಂದು ಸ್ಟೀಲ್ ಟೇಪು ತಗೊಂಡು ಹೋಗು. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ನಡುವಿಗೆ ಸೊನ್ನೆ ಇಡು. ಅಲ್ಲಿಂದ 24ನೇ ಪಿನ್ನು, ಹೊಸ ಚೈನಿನಲ್ಲಿ, ಸರಿಯಾಗಿ 12 ಇಂಚಿಗೆ ಕೂರುತ್ತದೆ. 1/16 ಇಂಚು ಮುಂದೆ ಹೋಗಿದ್ದರೆ ಚೈನು ಬದಲಿಸಬೇಕು. 1/8 ಇಂಚು ಹೋಗಿದ್ದರೆ ಅದು ಹಿಂದಿನ ಗೇರಿನ ಹಲ್ಲನ್ನೂ ತಿಂದಿರುತ್ತದೆ, ಎರಡೂ ಹೊಸದು ಬೇಕು. ಆಮೇಲೆ ಸೈಕಲನ್ನು ತಲೆಕೆಳಗೆ ಮಾಡು. ಪೆಡಲುಗಳ ನಡುವಿನ ಅಚ್ಚು ಕೂರುವ ಜಾಗದ ಅಡಿಯಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಕೊರೆದಿರುತ್ತಾರೆ. ಅದನ್ನು ಉಜ್ಜಿ ಅಳಿಸಿದ್ದರೆ ಮಾತೇ ಬೇಡ, ಎದ್ದು ಬಾ. ಯಾರದೋ ಮನೆಯಿಂದ ಕದ್ದದ್ದಿರಬಹುದು.

ಭಾವ ಒಂದು ಹೆಬ್ಬೆರಳು ಹಾಕಿದರು.

ದೊಡ್ಡಪ್ಪ: ಕೊರತೆ ಇದೆ ಅಂತ ನೀನೇ ಬರೆದೆಯಲ್ಲ. ಮತ್ತೆ ನಾನು ಕಳಿಸಿದ್ದರಲ್ಲಿ ತಪ್ಪೇನು?

ಚಿಕ್ಕಪ್ಪ: ತಪ್ಪಿಲ್ಲ ಅಣ್ಣ. ಆದರೆ ಅಪ್ಪನ ಸೈಕಲ್ ಮಾತು ಇನ್ನು ಬಿಡು. ಅದರ ಫ್ರೇಮ್ ಬಿರುಕು ಬಿಟ್ಟಿತ್ತು. ಮುಂದಿನ ಕೊಳವೆಯ ಬೆಸುಗೆ ಹತ್ತಿರ ಉಗುರು ಹೋಗುವಷ್ಟು.

ದೊಡ್ಡಪ್ಪ: ಅವತ್ತೇ ಯಾಕೆ ಹೇಳಲಿಲ್ಲ?

ಚಿಕ್ಕಪ್ಪ: ನೀನು ಕೇಳಲಿಲ್ಲ. ಬಂದವನೇ ಬೈದೆ.

ಬಿರುಕಿನ ವಿಷಯ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಮಧ್ಯಾಹ್ನದವರೆಗೆ ಗುಂಪಿನಲ್ಲಿ ಒಂದು ಮೆಸೇಜೂ ಇಲ್ಲ. ಇಬ್ಬರೂ ಫೋನಿನಲ್ಲಿ ಮಾತಾಡಿದರಂತೆ. ಏನು ಮಾತಾಡಿದರೋ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸಂಜೆ ತಂಗಿ ಒಂದು ಫೋಟೊ ಹಾಕಿದಳು. ಕಪ್ಪು ಗ್ರೀಸು ಮೆತ್ತಿದ ಚೈನು, ಅದರ ಪಕ್ಕ ಹಳದಿ ಟೇಪು. 12ರ ಗೆರೆ ದಾಟಿ ಪಿನ್ನು ಸಾಕಷ್ಟು ಮುಂದೆ ಕೂತಿತ್ತು.

ತಂಗಿ: 1/8ಕ್ಕಿಂತ ಸ್ವಲ್ಪ ಜಾಸ್ತಿಯೇ. ಬೆಲೆ ಇಳಿಸಿ ಅಂದೆ. ಇನ್ನಿಬ್ಬರು ಕಾಯುತ್ತಿದ್ದಾರೆ ಅಂದರು. ಹಾಗಾದರೆ ಅವರಿಗೇ ಕೊಡಿ ಅಂತ ಹೇಳಿ ಬಂದೆ.