ಸಹಾಯ ಬೇಕು: ಮಕ್ಕಳ ಶೋನಲ್ಲಿ ಆಟಿಕೆ, ತಿಂಡಿ ಖರ್ಚು ತಗ್ಗಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ಬೆಂಗಳೂರಲ್ಲೇ ಮಕ್ಕಳ ಸ್ಟೇಜ್ ಶೋ ಒಂದಕ್ಕೆ 7 ವರ್ಷದ ಮಗಳು, 4 ವರ್ಷದ ಮಗ, ಜೊತೆಗೆ ಅಕ್ಕನ ಮಗನನ್ನೂ ಕರ್ಕೊಂಡು ಹೋಗ್ತಿದೀನಿ. ಹೋದ ಸಲ ಇಂಥದ್ದೇ ಶೋನಲ್ಲಿ ಟಿಕೆಟ್ ಬಿಟ್ಟು 1,400 ರೂಪಾಯಿ ಖರ್ಚಾಯ್ತು. ಪಾಪ್‌ಕಾರ್ನ್, ಜ್ಯೂಸ್, ತಿರುಗೋ ಲೈಟು. ಆ ಲೈಟು ಮನೆ ಸೇರೋಷ್ಟರಲ್ಲಿ ಕೆಟ್ಟುಹೋಯ್ತು, ಮಗ ಅತ್ತಿದ್ದು ನೋಡಿ ನಂಗೇ ಸಂಕಟ ಆಯ್ತು.

ಈ ಸಲ ಮಾಮೂಲ್‌ಪೇಟೆಯಿಂದ ಲೈಟಿನ ಆಟಿಕೆ ಮೊದಲೇ ತಂದಿಟ್ಕೊಂಡು, ಇಂಟರ್ವಲ್‌ನಲ್ಲಿ ಬ್ಯಾಗಿಂದ ತೆಗೆದುಕೊಡೋಣ ಅಂತಿದೀನಿ. ಊಟ ಮಾಡಿಸ್ಕೊಂಡೇ ಹೊರಡ್ತೀವಿ. ಮಗಳ ಕೈಗೆ 150 ರೂಪಾಯಿ ಕೊಟ್ಟು ‘ನೀನೇ ಆರಿಸ್ಕೋ’ ಅಂದ್ರೆ ಒಪ್ಕೋತಾಳೆ. ಚಿಕ್ಕವನನ್ನ ಅಂಗಡಿ ಮುಂದಿಂದ ದಾಟಿಸೋದು ಹೇಗೆ ಅನ್ನೋದೇ ಚಿಂತೆ.

ಇನ್ನೊಂದು, ನೀರಿನ ವಿಷಯ. ಹೊರಗಿನ ತಿಂಡಿ ತಡೆಯೋ ಹಕ್ಕು ಸಿನಿಮಾ ಹಾಲ್‌ನವರಿಗಿದೆ, ಆದ್ರೆ ಕುಡಿಯೋ ನೀರು ಪುಕ್ಕಟೆ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಥ ಶೋಗಳಲ್ಲಿ ಖಾಲಿ ಬಾಟಲಿ ಒಳಗೆ ಬಿಡ್ತಾರಾ? ಎಂಆರ್‌ಪಿಗಿಂತ ಜಾಸ್ತಿ ಕೇಳಿದಾಗ ಯಾರಾದ್ರೂ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೀರಾ, ಏನಾಯ್ತು? ಅನುಭವ ಇರೋರು ದಯವಿಟ್ಟು ಶನಿವಾರದೊಳಗೆ ತಿಳಿಸಿ.